ನೆನಪಿನಿಂದ ಬಿಡಿಸಿದ ಮುಖ

ಚಿತ್ರದ ಕ್ಲಾಸಿನ ಮೊದಲ ದಿನವೇ ತಡವಾಗಿ ಬಂದ, ಎಲ್ಲರೂ ಕತ್ತರಿ ಎಂದೇ ಕರೆಯುವ ಹುಡುಗಿ ಬಾಗಿಲು ತಳ್ಳಿದಾಗ, ಎದುರಿಗೆ ಕೂತಿದ್ದ ಗಂಡಸೊಬ್ಬ ನೇರವಾಗಿ ಅವಳತ್ತ ನೋಡಿ ಒಂದು ಕಣ್ಣು ಮುಚ್ಚಿದ.

ಗುರುತಿಲ್ಲದವನಾಗಿದ್ದರೆ ಹಾಳಾಗಿ ಹೋಗಲಿ ಎಂದು ಬಿಟ್ಟುಬಿಡುತ್ತಿದ್ದಳೇನೋ. ಆದರೆ ಇವನು ಎರಡು ವರ್ಷದಿಂದ ಅವಳ ಸಲೂನಿಗೆ ಬರುತ್ತಿದ್ದ ಗಿರಾಕಿ. ಊರಿನ ಎತ್ತರದ ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡುವವನು, ಹಾಗಾಗಿ ಬೀದಿಯವರ ಬಾಯಲ್ಲಿ ಅವನ ಹೆಸರು ಬರೀ ಲಿಫ್ಟು. ಕುರ್ಚಿಯಲ್ಲಿ ಕೂತರೆ ಕೇಳಿದ್ದಕ್ಕಷ್ಟೇ ಉತ್ತರ, ಹೋಗುವಾಗ ಒಂದು ಸಣ್ಣ ನಗು, ಮುಗಿಯಿತು. ಅಂಥ ಸಂಭಾವಿತ ಇಷ್ಟು ಜನರ ನಡುವೆ ಹೀಗೆ ಮಾಡುವುದೆಂದರೆ?

“ಏನ್ರೀ, ಕಣ್ಣು ಹೊಡೆಯೋಕೆ ಬೇರೆ ಜಾಗ ಸಿಗಲಿಲ್ವಾ ನಿಮಗೆ?” ಅಂದಳು, ಇಡೀ ಕೋಣೆಗೆ ಕೇಳುವ ಹಾಗೆ.

ಆಗ ಅವಳು ಸುತ್ತ ನೋಡಿದಳು. ಗುಂಡಗೆ ಜೋಡಿಸಿದ ಕುರ್ಚಿಗಳಲ್ಲಿ ಕೂತಿದ್ದ ಪ್ರತಿಯೊಬ್ಬರೂ ಪೆನ್ಸಿಲನ್ನು ಮುಂದಕ್ಕೆ ಚಾಚಿ ಹಿಡಿದು ಒಂದು ಕಣ್ಣು ಮುಚ್ಚಿಕೊಂಡಿದ್ದರು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಮುಚ್ಚಲು ಒಪ್ಪದ ಕಣ್ಣನ್ನು ಬೆರಳಿನಿಂದ ಒತ್ತಿ ಹಿಡಿದಿದ್ದರು. ಎಲ್ಲರ ನಡುವೆ ಸ್ಟೂಲಿನ ಮೇಲೆ ಒಂದು ಹಳೆಯ ಕೆಟಲ್ ಇತ್ತು.

“ಅಳತೆ ತಗೋತಾ ಇದ್ದಾರಮ್ಮ,” ಎಂದರು ಡ್ರಾಯಿಂಗ್ ಮೇಷ್ಟ್ರು. “ಕೈ ನೇರವಾಗಿ ಚಾಚಬೇಕು, ಒಂದು ಕಣ್ಣು ಮುಚ್ಚಬೇಕು, ಕೆಟಲ್ ಎಷ್ಟು ಅಗಲ ಇದೆ, ಎಷ್ಟು ಎತ್ತರ ಇದೆ ಅಂತ ಪೆನ್ಸಿಲ್ ಮೇಲೆ ಹೆಬ್ಬೆರಳಲ್ಲಿ ಗುರುತು ಮಾಡ್ಕೋಬೇಕು. ಎರಡೂ ಕಣ್ಣು ತೆರೆದ್ರೆ ಅಳತೆ ಜಾರುತ್ತೆ. ಬನ್ನಿ, ಕೂತ್ಕೊಳ್ಳಿ, ಇನ್ಮೇಲೆ ನೀವೂ ಕಣ್ಣು ಹೊಡೀಬೇಕಾಗುತ್ತೆ.”

ಎಲ್ಲರೂ ನಕ್ಕರು. ಬೇರೆ ಯಾರಾದರೂ ಆಗಿದ್ದರೆ ಮುಖ ಹುಳ್ಳಗೆ ಮಾಡಿಕೊಂಡು ಸಾರಿ ಅಂದು ಕೂತುಬಿಡುತ್ತಿದ್ದರು. ಆದರೆ ಅವಳಿಗೆ ಕತ್ತರಿ ಎಂಬ ಹೆಸರು ಬಂದದ್ದು ಕೈಯಲ್ಲಿರುವ ಕತ್ತರಿಯಿಂದ ಮಾತ್ರವಲ್ಲ. ಬಾಯಲ್ಲೂ ಅದೇ ಇದೆ ಎಂದು ಸ್ವಂತ ಅಕ್ಕನೇ ಇಟ್ಟ ಹೆಸರು ಅದು.

“ಹೊಡೆದಿದ್ರೂ ಪರವಾಗಿಲ್ಲ ಬಿಡಿ ಮೇಷ್ಟ್ರೇ,” ಅಂದಳು, ಕುರ್ಚಿ ಎಳೆದುಕೊಳ್ಳುತ್ತಾ. “ಈ ತಲೆನ ಎರಡು ವರ್ಷದಿಂದ ನೋಡ್ತಾ ಇದೀನಿ. ನೋಡೋಕೆ ಅದರಲ್ಲಿ ಏನೂ ಇಲ್ಲ.”

ನಗು ಇನ್ನೂ ಜೋರಾಯಿತು. ಲಿಫ್ಟು ಕೂಡ ನಕ್ಕ. ನಕ್ಕವನ ಕಿವಿ ಕೆಂಪಾದದ್ದು ಅವಳಿಗೆ ಕಾಣಿಸಿತು. ಕಿವಿ ಅವಳ ಕಸುಬಿಗೆ ಸೇರಿದ್ದು, ಕಾಣದೆ ಇರುವ ಮಾತೇ ಇಲ್ಲ. ಆದರೆ ಆ ಗಳಿಗೆಯಲ್ಲಿ ಅವಳು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಕ್ಲಾಸು ನಡೆಯುತ್ತಿದ್ದದ್ದು ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಮಹಡಿಯಲ್ಲಿ, ಶನಿವಾರ ಮಧ್ಯಾಹ್ನದ ಮೇಲೆ. ಕೆಳಗೆ ಮಷೀನು ಓಡತೊಡಗಿದರೆ ಮೇಲೆ ಕುರ್ಚಿಯ ಕಾಲು ಸಣ್ಣಗೆ ಅದುರುತ್ತಿತ್ತು. ಉದ್ದನೆಯ ಕಿಟಕಿಗಳು, ಇಂಕಿನ ವಾಸನೆ, ಗೋಡೆಯ ತುಂಬ ಹಳೆಯ ವಿದ್ಯಾರ್ಥಿಗಳು ಬಿಡಿಸಿದ ಕೆಟಲ್‌ಗಳು. ಮೇಷ್ಟ್ರು ಸ್ಕೂಲಿನಿಂದ ನಿವೃತ್ತರಾಗಿ ಬಹಳ ಕಾಲವಾಗಿತ್ತು. ಆದರೂ ದನಿಯಲ್ಲಿ ಬೆತ್ತ ಇನ್ನೂ ಉಳಿದಿತ್ತು. ಅವರ ಕ್ಲಾಸಿನಲ್ಲಿ ರಬ್ಬರ್ ತರುವ ಹಾಗಿರಲಿಲ್ಲ. ತಪ್ಪಿದ ಗೆರೆ ಅಲ್ಲೇ ಇರಬೇಕು, ಅದರ ಪಕ್ಕದಲ್ಲಿ ಸರಿಯಾದ ಗೆರೆ ಎಳೆಯಬೇಕು.

“ತಪ್ಪು ಎಲ್ಲಿದೆ ಅಂತ ಕಂಡ್ರೆ ತಾನೆ ಸರಿ ಎಲ್ಲಿದೆ ಅಂತ ಗೊತ್ತಾಗೋದು? ಹಗುರಾಗಿ ಶುರು ಮಾಡಿ. ಮಣಿಕಟ್ಟಿಂದ ಬೇಡ, ಭುಜದಿಂದ ಎಳೀರಿ. ಗೊತ್ತಿರೋದನ್ನ ಬಿಡಿಸಬೇಡಿ, ಕಾಣೋದನ್ನ ಬಿಡಿಸಿ.”

ಕತ್ತರಿಗೆ ಇದೆಲ್ಲ ಸಲೀಸಾಗಿ ಬಂತು. ಅವಳು ಕ್ಲಾಸಿಗೆ ಸೇರಿದ್ದು ಕಸುಬಿಗಾಗಿ. ‘ಇಲ್ಲಿ ಸ್ವಲ್ಪ, ಅಲ್ಲಿ ಸ್ವಲ್ಪ, ಒಂಥರಾ ಹೀಗೆ’ ಎಂದು ಗಾಳಿಯಲ್ಲಿ ಕೈಯಾಡಿಸುವ ಗಿರಾಕಿಗಳಿಗೆ, ಕತ್ತರಿಸುವ ಮೊದಲೇ ಕಾಗದದ ಮೇಲೆ ಬಿಡಿಸಿ ತೋರಿಸಿದರೆ ಆಮೇಲೆ ರಗಳೆ ಇರುವುದಿಲ್ಲ ಎಂಬುದು ಅವಳ ಲೆಕ್ಕಾಚಾರ. ಕೂದಲನ್ನು ಒಂದೊಂದು ಎಳೆಯಾಗಿ ಬಿಡಿಸಬಾರದು, ಒಟ್ಟು ರಾಶಿಯಾಗಿ ನೋಡಿ ಬೆಳಕು ಬಿದ್ದ ಕಡೆ ಬಿಳಿ ಬಿಟ್ಟು ಉಳಿದದ್ದಕ್ಕೆ ಶೇಡ್ ಕೊಡಬೇಕು ಎಂದು ಮೇಷ್ಟ್ರು ಹೇಳಿಕೊಟ್ಟಾಗ, ಅವಳ ಕೈ ಅವರ ಮಾತಿಗಿಂತ ಮುಂದೆ ಓಡಿತ್ತು.

ಲಿಫ್ಟಿನ ಕಥೆ ಬೇರೆ. ಅವನು ಎಳೆದ ನೇರ ಗೆರೆ ನೋಡಿದರೆ ಸ್ಕೇಲಿಗೂ ಹೊಟ್ಟೆಕಿಚ್ಚಾಗಬೇಕು. ದಿನವಿಡೀ ಕೇಬಲ್ಲು ನೇರವಾಗಿ ಇಳಿದಿದೆಯೋ ಇಲ್ಲವೋ ನೋಡುವವನ ಕಣ್ಣು ಅದು. ಆದರೆ ಗುಂಡಗಿರುವುದು ಯಾವುದೂ ಅವನಿಗೆ ಒಲಿಯುತ್ತಿರಲಿಲ್ಲ. ಅವನ ಕೆಟಲ್‌ನ ಮುಚ್ಚಳ ಆಲೂಗಡ್ಡೆಯಂತೆ ಕಾಣುತ್ತಿತ್ತು.

“ಇದೇನ್ರೀ, ಕೆಟಲ್ ಮೇಲೆ ಯಾರಾದರೂ ಕೂತಿದ್ರಾ?” ಎಂದು ಕತ್ತರಿ ಬಗ್ಗಿ ನೋಡಿದಳು.

“ಇರಬಹುದು,” ಅಂದ ಅವನು. ಅಷ್ಟೇ.

ಸಲೂನಿನಲ್ಲಾಗಿದ್ದರೆ ಇನ್ನೊಂದು ಮಾತು ಬರುತ್ತಿತ್ತು. ಇಲ್ಲಿ ಅವನು ಮುಖವನ್ನು ಕಾಗದಕ್ಕೆ ತಿರುಗಿಸಿ ಆಲೂಗಡ್ಡೆಗೆ ಶೇಡ್ ಕೊಡತೊಡಗಿದ.

ಅವನ ಕೂದಲು ಎಷ್ಟು ಬೇಗ ಬೆಳೆಯುತ್ತದೆ ಎಂಬುದು ಕತ್ತರಿಗೆ ಬಾಯಿಪಾಠ. ಒಂದು ಶನಿವಾರ ಅದು ಕಿವಿಯ ತುದಿ ಮುಟ್ಟಿತು. ಮುಂದಿನ ಶನಿವಾರ ಕಿವಿಯ ಮೇಲೇ ಕೂತಿತು. ಈ ವಾರ ಬರುತ್ತಾನೆ ಎಂದು ಅವಳು ಅಂದುಕೊಂಡಳು. ಸಲೂನಿನ ಬಾಗಿಲ ಗಂಟೆ ಸದ್ದಾದಾಗಲೆಲ್ಲ ಗಿರಾಕಿಯ ಕತ್ತಿನ ಮೇಲೆ ಬ್ರಷ್ ಆಡಿಸುತ್ತಲೇ ಒಂದು ಕಣ್ಣು ಆ ಕಡೆ ಹೋಗುತ್ತಿತ್ತು. ಅವನು ಬರಲಿಲ್ಲ. ಬಿಡುವಿಲ್ಲದ ಕೆಲಸ ಇರಬೇಕು ಎಂದುಕೊಂಡು ಸುಮ್ಮನಾದಳು.

ಅದಾದ ಮೇಲಿನ ಶನಿವಾರ ಅವನು ಕ್ಲಾಸಿಗೆ ಬಂದಾಗ ಅವಳ ಕಣ್ಣು ನೇರವಾಗಿ ಅವನ ತಲೆಗೆ ಹೋಯಿತು. ಅವನ ಕೂದಲನ್ನು ಬೇರೆ ಯಾರೋ ಕತ್ತರಿಸಿದ್ದರು.

ಅದೂ ಎಂಥ ಕೆಲಸ. ಎಡಗಡೆ ಸೈಡ್‌ಲಾಕ್ ಒಂದು ಉದ್ದ, ಬಲಗಡೆ ಒಂದು ಉದ್ದ. ಕತ್ತಿನ ಹಿಂದಿನ ಗೆರೆ ಅಂಕುಡೊಂಕು. ನೆತ್ತಿಯ ಸುಳಿಯನ್ನು ನೋಡದೆ ಕತ್ತರಿಸಿದ್ದರಿಂದ ಅಲ್ಲೊಂದು ಜುಟ್ಟು ಎದ್ದು ನಿಂತಿತ್ತು. ಆ ಸುಳಿಯನ್ನು ಮಲಗಿಸಲು ಅವಳು ಎಷ್ಟು ತಿಂಗಳು ಪಾಡುಪಟ್ಟಿದ್ದಳು.

ಅಂದಿನ ಪಾಠ ಖಾಲಿ ಜಾಗದ್ದು. ಮೇಷ್ಟ್ರು ಎರಡು ಕುರ್ಚಿಗಳನ್ನು ಒಂದರ ಮೇಲೊಂದು ಓರೆಯಾಗಿ ಇಟ್ಟು, “ಕುರ್ಚಿ ಬಿಡಿಸಬೇಡಿ. ಕಾಲುಗಳ ನಡುವೆ, ಬೆನ್ನಿನ ಪಟ್ಟಿಗಳ ನಡುವೆ ಎಷ್ಟು ಖಾಲಿ ಇದೆಯೋ ಅದರ ಆಕಾರ ಬಿಡಿಸಿ. ಅದು ಸರಿಯಾದ್ರೆ ಕುರ್ಚಿ ತಾನಾಗೇ ಬರುತ್ತೆ,” ಎಂದರು. ಕತ್ತರಿಗೆ ಕುರ್ಚಿಯೂ ಕಾಣಲಿಲ್ಲ, ಖಾಲಿಯೂ ಕಾಣಲಿಲ್ಲ. ಎದುರಿನ ಸಾಲಿನಲ್ಲಿದ್ದ ಆ ಜುಟ್ಟು ಒಂದೇ ಕಾಣುತ್ತಿತ್ತು.

ವಿರಾಮದ ಹೊತ್ತಿಗೆ ಅವಳು ತಡೆಯಲಾರದೆ ಕಿಟಕಿಯ ಹತ್ತಿರ ಅವನನ್ನು ಹಿಡಿದಳು.

“ಯಾರ ಹತ್ರ ಮಾಡಿಸಿದ್ದು?”

“ಆಫೀಸ್ ಪಕ್ಕ ಒಂದು ಅಂಗಡಿ ಇದೆ.”

“ಕತ್ತರಿಯಲ್ಲಿ ಮಾಡಿದ್ರಾ, ಕುಡುಗೋಲಲ್ಲಾ?”

ಅವನು ನಗಲಿಲ್ಲ. ಅವಳನ್ನು ನೋಡಿದ, ಕಿಟಕಿಯಾಚೆ ನೋಡಿದ, ಮತ್ತೆ ಅವಳನ್ನು ನೋಡಿದ. ಕೋಪ ಇರಲಿಲ್ಲ, ಅದಿದ್ದಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು.

“ನೋಡೋಕೆ ಏನೂ ಇಲ್ಲದ ತಲೆಗೆ ಇಷ್ಟು ಸಾಕಾಗುತ್ತೆ, ಬಿಡಿ,” ಅಂದ. ಅಂದು ತನ್ನ ಜಾಗಕ್ಕೆ ಹೋಗಿ ಕೂತ.

ತಮಾಷೆಗೆ ಅಂದದ್ದು ಎಂದು ಕತ್ತರಿ ಹೇಳಬಹುದಿತ್ತು. ಆದರೆ ತಮಾಷೆ ಮಾಡಿದವಳಿಗೆ ಮಾತ್ರ ತಮಾಷೆಯಾಗಿದ್ದ ಮಾತು ಅದು, ಅಷ್ಟು ಅವಳಿಗೆ ಅರ್ಥವಾಗುತ್ತಿತ್ತು.

ಮನೆಗೆ ಹೋದಾಗ, ಅವಳ ಜೊತೆ ಸಲೂನು ನಡೆಸುವ ಅಕ್ಕ ಅಲ್ಲಿನ ಟವೆಲ್ ಮಡಚುತ್ತಾ ಕೂತಿದ್ದಳು. ತಂಗಿಯ ಮುಖ ನೋಡಿದ ತಕ್ಷಣ ಏನೋ ಆಗಿದೆ ಎಂದು ಅವಳಿಗೆ ಗೊತ್ತಾಯಿತು.

“ಏನಾಯ್ತೇ?”

“ಲಿಫ್ಟು ಬೇರೆ ಕಡೆ ಕಟಿಂಗ್ ಮಾಡಿಸಿಕೊಂಡಿದಾನೆ.”

“ಹೋಗಲಿ ಬಿಡು. ಒಬ್ಬ ಗಿರಾಕಿ ಹೋದ್ರೆ ಅಂಗಡಿ ಮುಚ್ಚಲ್ಲ.”

“ಒಬ್ಬ ಗಿರಾಕಿ ಅಂತೆ,” ಅಂದಳು ಕತ್ತರಿ. ಟವೆಲೊಂದನ್ನು ಎತ್ತಿಕೊಂಡು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

ಅಕ್ಕ ಆ ಟವೆಲನ್ನು ಅವಳ ಕೈಯಿಂದ ತೆಗೆದುಕೊಂಡಳು. “ಕಳೆದ ವರ್ಷ ಆ ಬ್ಯಾಂಕ್ ಮ್ಯಾನೇಜರ್ ಬರೋದು ಬಿಟ್ಟಾಗ ನೀನು ಒಂದು ಮಾತೂ ಆಡಲಿಲ್ಲ. ಇವನು ಹೋದ್ರೆ ಟವೆಲ್ ಮೇಲೆ ಸಿಟ್ಟು ತೀರಿಸ್ತಾ ಇದೀಯ. ಯೋಚನೆ ಮಾಡು.”

ಯೋಚನೆ ಮಾಡುವ ಅಗತ್ಯವೇ ಬೀಳಲಿಲ್ಲ. ಅವನು ಬರುವ ದಿನ ಅವಳು ಬೇರೆ ಗಿರಾಕಿಗಳನ್ನು ಬೇಗ ಬೇಗ ಮುಗಿಸುತ್ತಿದ್ದಳು. ಕುರ್ಚಿಯ ಎದುರಿನ ದೀಪ ಹಾಕಿ, ಅವನ ಹೆಗಲ ಮೇಲೆ ಬಟ್ಟೆ ಹೊದಿಸಿ, ಕನ್ನಡಿಯಲ್ಲಿ ಅವನ ಕಣ್ಣಿಗೆ ಕಣ್ಣು ಕೂಡಿಸಿ ‘ಎಷ್ಟು ತೆಗೀಲಿ?’ ಎನ್ನುವ ಆ ಒಂದು ಗಳಿಗೆಗಾಗಿ ಇಡೀ ದಿನ ಹಗುರವಾಗಿ ಓಡುತ್ತಿತ್ತು. ಅದನ್ನು ಅವಳು ಕೆಲಸದ ಖುಷಿ ಎಂದು ತಿಳಿದಿದ್ದಳು. ಈಗ ನೋಡಿದರೆ ಕೆಲಸ ಇದೆ, ಖುಷಿ ಇಲ್ಲ. ಅವಳಿಗೆ ಅವನು ಬೇಕಾಗಿದ್ದ, ವಿಷಯ ಅಷ್ಟು ಸರಳವಾಗಿತ್ತು.

ಕ್ಲಾಸು ಮುಗಿಯಲು ಎರಡೇ ವಾರ ಉಳಿದಿತ್ತು. ಸಲೂನಿಗಂತೂ ಅವನು ಬರುವುದಿಲ್ಲ. ಅಲ್ಲಿಗೆ ಇಬ್ಬರೂ ಎದುರಾಗುವ ಜಾಗ ಈ ಭೂಮಿಯ ಮೇಲೆ ಮತ್ತೊಂದು ಇರುವುದಿಲ್ಲ. ಅಷ್ಟರೊಳಗೆ ಹೇಳಬೇಕು. ಆದರೆ ಆಡಿದ ಮಾತು ಎಲ್ಲರ ಎದುರಿಗೆ ಆಡಿದ್ದು, ಅದನ್ನು ವಾಪಸು ತೆಗೆದುಕೊಳ್ಳುವ ಮಾತು ಎಲ್ಲಿಂದ ಶುರುವಾಗುತ್ತದೆ ಎಂದು ಮಾತಿನ ಮಲ್ಲಿಯಾದ ಅವಳಿಗೆ ಹೊಳೆಯಲಿಲ್ಲ.

ಮುಂದಿನ ವಾರ ಮೇಷ್ಟ್ರು ಜೋಡಿ ಮಾಡಿಸಿದರು. ಎದುರುಬದುರು ಕೂತು, ಕಾಗದ ನೋಡದೆ, ಎದುರಿನವರ ಮುಖದ ಅಂಚಿನ ಮೇಲೆ ಕಣ್ಣನ್ನು ಇರುವೆಯ ಹಾಗೆ ನಿಧಾನವಾಗಿ ನಡೆಸಬೇಕು. ಕಣ್ಣು ನಡೆದಷ್ಟೇ ಪೆನ್ಸಿಲು ನಡೆಯಬೇಕು. ಒಂದು ಸಲ ಕೂಡ ಕೆಳಗೆ ನೋಡುವ ಹಾಗಿಲ್ಲ.

ಅಜ್ಜಿಗೆ ಜೋಡಿಯಾಗಿ ಸಿಕ್ಕಿದ್ದು ಲಿಫ್ಟು. ಅಜ್ಜಿ ಜೀವಮಾನವೆಲ್ಲ ಪೋಸ್ಟ್ ಆಫೀಸಿನಲ್ಲಿ ಕೂತು ಯಾರ ಕಾಗದ ಯಾರಿಗೆ ಹೋಗಬೇಕು ಎಂದು ನೋಡಿದವರು. ಅವರು ಎದ್ದು ನಿಂತರು.

“ಮೇಷ್ಟ್ರೇ, ಈ ಹುಡುಗ ತುಂಬಾ ಎತ್ತರ, ನನ್ನ ಕತ್ತು ನೋಯುತ್ತೆ. ನಾನು ಆ ಕಡೆ ಹೋಗ್ತೀನಿ. ಏ ಕತ್ತರಿ, ನೀನು ಇಲ್ಲಿ ಬಾರಮ್ಮ.”

ಕೂತಮೇಲೆ ಯಾರ ಕತ್ತು ಯಾಕೆ ನೋಯಬೇಕು ಎಂದು ಯಾರೂ ಕೇಳಲಿಲ್ಲ. ಕತ್ತರಿ ಬಂದು ಅವನ ಎದುರಿಗೆ ಕೂತಳು. ಇಬ್ಬರ ಮೊಣಕಾಲುಗಳ ನಡುವೆ ಎರಡು ಬೋರ್ಡುಗಳಷ್ಟೇ ಅಂತರ.

“ನೋಡೋಕೆ ಏನೂ ಇಲ್ಲ,” ಅಂದ ಲಿಫ್ಟು, ಮೆಲ್ಲಗೆ. “ಬೇಗ ಮುಗಿಯುತ್ತೆ ನಿಮಗೆ.”

“ಮಾತಾಡಬೇಡಿ. ಗಲ್ಲ ಅಲ್ಲಾಡುತ್ತೆ.”

ಅವಳು ಹಣೆಯಿಂದ ಶುರುಮಾಡಿದಳು. ಹುಬ್ಬಿನ ಮೇಲೆ ಇಳಿದಳು. ಅವನೂ ಅವಳನ್ನು ನೋಡುತ್ತಿದ್ದ. ಅವನ ನೋಟ ಎಲ್ಲಿದೆ ಎಂಬುದು ಅವಳಿಗೆ ಚರ್ಮದ ಮೇಲೆ ಗೊತ್ತಾಗುತ್ತಿತ್ತು. ಈಗ ಕೆನ್ನೆ, ಈಗ ಮೂಗಿನ ತುದಿ. ತುಟಿಯ ಹತ್ತಿರ ಬಂದಾಗ ಅವನ ಪೆನ್ಸಿಲಿನ ಸದ್ದು ನಿಂತಿತು. ಒಂದು ಉಸಿರಿನಷ್ಟು ಹೊತ್ತು ನಿಂತು, ಮತ್ತೆ ಶುರುವಾಯಿತು. ಅವಳ ಮುಖ ಬಿಸಿಯಾಯಿತು.

“ಯಾಕೆ ನಿಲ್ಸಿದ್ರಿ?”

“ಗುಂಡಗಿರೋದು ನನಗೆ ಕಷ್ಟ,” ಅಂದ ಅವನು.

ಅವಳು ನಗು ತಡೆಯಲು ತುಟಿ ಕಚ್ಚಿಕೊಂಡಳು. ಆದರೆ ಒಂದು ವಿಷಯ ಅವಳನ್ನು ಕಾಡುತ್ತಿತ್ತು. ಇಷ್ಟು ಹತ್ತಿರದಿಂದ ನೋಡಿದರೆ ಅವನ ಮುಖ ಎಲ್ಲೋ ಬೇರೆಯಾಗಿ, ತುಸು ಸೊಟ್ಟವಾಗಿ ಕಾಣುತ್ತಿತ್ತು. ಅವನೇ ಹೌದು, ಆದರೆ ಪೂರ್ತಿ ಅವನಲ್ಲ. ಆ ಹಾಳು ಕಟಿಂಗಿನ ಕೆಲಸ ಇದು ಎಂದು ಅವಳು ಗೊಣಗಿಕೊಂಡಳು. ಹೇಳಬೇಕಾದದ್ದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮೇಷ್ಟ್ರು ಚಪ್ಪಾಳೆ ತಟ್ಟಿದರು, ಎಲ್ಲರೂ ಕಾಗದ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು, ಗಳಿಗೆ ಕಳೆದುಹೋಯಿತು. ಅವನ ಕಾಗದದಲ್ಲಿ ಅವಳ ಮೂಗು ಕಿವಿಯ ಹತ್ತಿರ ಬಿದ್ದಿತ್ತು.

ಕೊನೆಯ ಶನಿವಾರ ಮೇಷ್ಟ್ರು ಎಲ್ಲರ ಕುರ್ಚಿಯನ್ನೂ ಗೋಡೆಗೆ ಮುಖ ಮಾಡಿಸಿದರು.

“ಇವತ್ತು ಎದುರಿಗೆ ಏನೂ ಇಲ್ಲ. ಚೆನ್ನಾಗಿ ಗೊತ್ತಿರೋ ಒಂದು ಮುಖನ ನೆನಪಿಂದ ಬಿಡಿಸಿ. ನೆನಪಿಡಿ, ಕಣ್ಣು ತಲೆಯ ಸರಿಯಾದ ಮಧ್ಯ ಇರುತ್ತೆ, ಮೇಲಲ್ಲ. ಹೊಸಬರು ಎಲ್ಲರೂ ಹಣೆ ತಿಂದು ಹಾಕ್ತಾರೆ. ಬಿಡಿಸಿ ಆದಮೇಲೆ ಗೋಡೆಗೆ ಹಚ್ಚೋಣ. ಯಾರು ಅಂತ ಉಳಿದೋರು ಹೇಳಲಿ.”

ಕತ್ತರಿ ಅಕ್ಕನನ್ನು ಬಿಡಿಸಲು ಕೂತಳು. ಮೊಟ್ಟೆಯಾಕಾರ ಹಗುರಾಗಿ ಎಳೆದಳು, ನಡುವೆ ಕಣ್ಣಿನ ಗೆರೆ. ಆಮೇಲೆ ಕೈ ತನ್ನ ದಾರಿ ಹಿಡಿಯಿತು. ಅಕ್ಕನ ಹುಬ್ಬಿಗಿಂತ ದಪ್ಪನೆಯ ಹುಬ್ಬು ಬಂತು. ಬೈತಲೆ ಬಂತು. ಕೆಳಗೆ ನೋಡಿ ತಟ್ಟನೆ ಮೇಲೆತ್ತುವ ಆ ರೆಪ್ಪೆ ಬಂತು. ಕೆನ್ನೆಯ ಮೇಲಿನ ಪುಟ್ಟ ಮಚ್ಚೆ, ಬಾಯಿಯ ಒಂದೇ ಬದಿಯಿಂದ ಶುರುವಾಗುವ ನಗು, ಎಲ್ಲ ಬಂತು. ಒಂದು ಗೆರೆಯೂ ತಪ್ಪಲಿಲ್ಲ. ಇಷ್ಟು ಖಚಿತವಾಗಿ ಅವಳು ಈ ಕೋಣೆಯಲ್ಲಿ ಏನನ್ನೂ ಬಿಡಿಸಿರಲಿಲ್ಲ. ಮುಗಿಸಿ ದೂರ ಹಿಡಿದು ನೋಡಿದಾಗಲೇ ಅವಳಿಗೆ ತಾನು ಮಾಡಿಕೊಂಡ ಪಜೀತಿ ಗೊತ್ತಾದದ್ದು. ಅಷ್ಟರಲ್ಲಿ ಮೇಷ್ಟ್ರು ಕಾಗದವನ್ನು ಕೈಯಿಂದ ತೆಗೆದುಕೊಂಡು ಗೋಡೆಗೆ ಹಚ್ಚಿಯಾಗಿತ್ತು.

“ಇದು ನಮ್ಮ ಲಿಫ್ಟು,” ಅಂದರು ಅಜ್ಜಿ, ಕಣ್ಣು ಕಿರಿದು ಮಾಡಿ.

ಎಲ್ಲರೂ ಮುತ್ತಿಕೊಂಡರು. ಚಿತ್ರ ನೋಡಿದರು, ಲಿಫ್ಟನ್ನು ನೋಡಿದರು, ಮತ್ತೆ ಚಿತ್ರ ನೋಡಿದರು.

“ಹೋಲಿಕೆ ಇದೆ,” ಎಂದರು ಮೇಷ್ಟ್ರು. “ಆದರೆ ಅವನಲ್ಲ. ಅವನ ಮಚ್ಚೆ ಬಲಗೆನ್ನೆ ಮೇಲಿದೆ, ಇಲ್ಲಿ ಎಡಗೆನ್ನೆ ಮೇಲೆ. ಬೈತಲೆನೂ ಇನ್ನೊಂದು ಕಡೆ. ಕತ್ತರಿ ಅಂಥ ತಪ್ಪು ಮಾಡೋಳಲ್ಲ. ಅಣ್ಣ ತಮ್ಮ ಯಾರಾದರೂ ಇದ್ದಾರೇನಪ್ಪ ನಿನಗೆ?”

ತಪ್ಪಿಸಿಕೊಳ್ಳಲು ಬಾಗಿಲು ತೆರೆದಿತ್ತು. ಕತ್ತರಿ ಹಿಂದೆ ಮುಂದೆ ನೋಡದೆ ನುಗ್ಗಿಬಿಟ್ಟಳು. “ಇವರಲ್ಲ ಮೇಷ್ಟ್ರೇ. ಯಾರೋ ಒಬ್ಬ ಗಿರಾಕಿ. ನಿಮಗೆ ಗೊತ್ತಿಲ್ಲ.”

ಸುಳ್ಳು ಹೇಳಿದಮೇಲೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಹೇಳಬೇಕು ಎಂದು ಎರಡು ವಾರ ಕಾದವಳು, ಹೇಳುವ ಹೊತ್ತು ಕಾಲಿಗೇ ಬಂದು ಬಿದ್ದಾಗ ಒದ್ದು ಕಳಿಸಿದ್ದಳು.

ಲಿಫ್ಟು ಬಿಡಿಸಿದ್ದು ತನ್ನ ಅಮ್ಮನನ್ನು, ಅಮ್ಮನಿಗೂ ಅವನು ನ್ಯಾಯ ಮಾಡಿರಲಿಲ್ಲ. ಉಳಿದವರೆಲ್ಲ ಮುಂದಿನ ಚಿತ್ರಕ್ಕೆ ಹೋದರೂ ಅವನು ಕತ್ತರಿಯ ಚಿತ್ರದ ಎದುರಿಗೇ ನಿಂತಿದ್ದ. ಮೇಷ್ಟ್ರು ಎಲ್ಲರಿಗೂ ಒಳ್ಳೆಯದಾಗಲಿ ಎಂದರು. ಕುರ್ಚಿಗಳು ಸರಿದವು, ಚೀಲಗಳ ಜಿಪ್ಪು ಎಳೆದ ಸದ್ದಾಯಿತು. ಅಜ್ಜಿ ಹೋಗುವಾಗ ಮೇಷ್ಟ್ರನ್ನು ಏನೋ ಕೇಳುವ ನೆಪದಲ್ಲಿ ಮೆಟ್ಟಿಲಿಳಿಸಿಕೊಂಡು ಹೋದರು.

“ಇದು ನಾನೇ,” ಅಂದ ಲಿಫ್ಟು, ತಿರುಗದೆ.

ಕತ್ತರಿ ಬೋರ್ಡನ್ನು ಎದೆಗೆ ಅವುಚಿಕೊಂಡು ನಿಂತಳು. “ಮಚ್ಚೆ ಎಡಗಡೆ ಇದೆ ಅಂದ್ರಲ್ಲ ಮೇಷ್ಟ್ರು.”

“ಹೂಂ. ದಿನಾ ಬೆಳಿಗ್ಗೆ ಶೇವ್ ಮಾಡ್ಕೊಳ್ಳುವಾಗ ಇವನನ್ನೇ ನೋಡ್ತೀನಿ ನಾನು. ಇದೇ ಬೈತಲೆ, ಇದೇ ಕಡೆ ಮಚ್ಚೆ. ನಮ್ಮಮ್ಮ ಕೂಡ ಇವನನ್ನ ನೋಡಿಲ್ಲ. ಅವಳಿಗೆ ಕಾಣೋದು ಬೇರೆ ಕಡೆ. ಇವನು ಕನ್ನಡಿಯಲ್ಲಿ ಮಾತ್ರ ಇರ್ತಾನೆ.” ಅವನು ಈಗ ತಿರುಗಿದ. “ಕನ್ನಡಿಯಲ್ಲಿ ನನ್ನನ್ನ ಇಷ್ಟು ಸರಿಯಾಗಿ ನೋಡಿರೋರು ಯಾರು ಇದಾರೆ?”

ಉತ್ತರ ಬೇಕೆಂದು ಕೇಳಿದ್ದಲ್ಲ ಅದು. ಕತ್ತರಿಗೆ ಒಮ್ಮೆಗೇ ಎಲ್ಲ ಹೊಳೆಯಿತು. ಈ ಎರಡು ವರ್ಷ ಅವನ ಬೆನ್ನ ಹಿಂದೆ ನಿಂತು ಅವಳು ನೋಡಿದ್ದು ಕನ್ನಡಿಯೊಳಗಿನ ಮುಖವನ್ನು. ಮಚ್ಚೆ ಬಲಗಡೆ ಇದೆ ಎಂದು ಅವಳ ಬೆರಳಿಗೆ ಗೊತ್ತಿತ್ತು, ಕಣ್ಣಿಗೆ ಗೊತ್ತಿರಲಿಲ್ಲ. ಕಳೆದ ವಾರ ಎದುರಿಗೆ ಕೂತಾಗ ಮುಖ ಸೊಟ್ಟ ಕಂಡದ್ದಕ್ಕೆ ಪಾಪ ಆ ಇನ್ನೊಬ್ಬ ಕ್ಷೌರಿಕನನ್ನು ಬೈದಿದ್ದಳು. ಕಂಡದ್ದನ್ನು ಕಂಡ ಹಾಗೇ ಬಿಡಿಸಿ, ಬಾಯಿ ಹೇಳಲಾರದ್ದನ್ನು ಅವಳ ಪೆನ್ಸಿಲು ಹೇಳಿಬಿಟ್ಟಿತ್ತು.

“ಸಲೂನಿಗೆ ಬನ್ನಿ,” ಅಂದಳು.

“ಈಗಲೇನಾ?”

“ಈಗಲೇ. ಆ ಸೈಡ್‌ಲಾಕ್ ಇಟ್ಕೊಂಡು ನೀವು ಇನ್ನೊಂದು ದಿನ ಓಡಾಡಬಾರದು. ಆಮೇಲೆ, ಒಂದು ಮಾತು ಇದೆ. ಅದನ್ನ ನನ್ನ ಜಾಗದಲ್ಲಿ ಹೇಳ್ತೀನಿ.”

ಬೀದಿಯಲ್ಲಿ ಇಬ್ಬರೂ ಜೊತೆಯಾಗಿ ನಡೆದರು. ಅಂಗಡಿಗಳ ದೀಪ ಆಗತಾನೇ ಹತ್ತುತ್ತಿತ್ತು. ಅವನ ಹೆಜ್ಜೆ ಉದ್ದ, ಅವಳದು ಚುರುಕು, ಆದರೂ ಒಬ್ಬರು ಇನ್ನೊಬ್ಬರಿಗಿಂತ ಮುಂದೆ ಹೋಗಲಿಲ್ಲ. ಸಲೂನಿನ ಬಾಗಿಲು ತೆರೆದಾಗ ಅಕ್ಕ ಕೊನೆಯ ಗಿರಾಕಿಯನ್ನು ಕಳಿಸಿ ನೆಲ ಗುಡಿಸುತ್ತಿದ್ದಳು. ತಂಗಿಯನ್ನು ನೋಡಿದಳು, ಅವಳ ಹಿಂದೆ ಬಂದವನನ್ನು ನೋಡಿದಳು, ಪೊರಕೆಯನ್ನು ಗೋಡೆಗೆ ಒರಗಿಸಿದಳು.

“ಒಳಗೆ ಬಟ್ಟೆ ನೆನೆಹಾಕಿದೀನಿ, ಬರ್ತೀನಿ,” ಎಂದು ಹಿಂದಿನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಳು. ಅವಳು ಬಟ್ಟೆಯನ್ನೇನೂ ನೆನೆಹಾಕಿರಲಿಲ್ಲ.

ಲಿಫ್ಟು ಅಭ್ಯಾಸದಂತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತ. ಕತ್ತರಿ ಬಟ್ಟೆ ಹೊದಿಸಿದಳು. ಆಮೇಲೆ ಕಾಲಿನಿಂದ ಕುರ್ಚಿಯ ಕೆಳಗಿನ ಕೊಕ್ಕೆ ಬಿಡಿಸಿ, ಕೈಯಿಂದ ಬೆನ್ನು ಹಿಡಿದು, ಇಡೀ ಕುರ್ಚಿಯನ್ನು ತನ್ನ ಕಡೆಗೆ ತಿರುಗಿಸಿದಳು. ಕನ್ನಡಿ ಅವನ ಬೆನ್ನಿಗೆ ಹೋಯಿತು.

“ಕನ್ನಡಿ ಆ ಕಡೆ ಅಲ್ವಾ?”

“ಕನ್ನಡಿಯಲ್ಲಿ ನೋಡಿದ್ದು ಸಾಕು.”

ಅವಳು ಅವನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ಎತ್ತಿದಳು. ಗಿರಾಕಿಗಳ ಗಲ್ಲ ಸಾವಿರ ಸಲ ಹಿಡಿದ ಕೈ ಅದು, ಆದರೂ ಈ ಸಲ ಹಿಡಿದದ್ದು ಬೇರೆಯೇ ಆಗಿತ್ತು. ಬಲಗೆನ್ನೆಯ ಮೇಲೆ ಮಚ್ಚೆ. ನಗು ಶುರುವಾಗುವುದು ಈ ಬದಿಯಿಂದ. ಎಲ್ಲವನ್ನೂ ಮೊದಲಿನಿಂದ ನೋಡಬೇಕಾಗಿತ್ತು. ಅವಳು ಅವಸರ ಮಾಡಲಿಲ್ಲ.

“ಅವತ್ತು ನಾನು ಎಲ್ಲರ ಮುಂದೆ ಅಂದದ್ದು ಸುಳ್ಳು,” ಅಂದಳು. “ನಾಚಿಕೆ ಆಗಿತ್ತು, ಅದನ್ನ ಮುಚ್ಚೋಕೆ ನಿಮ್ಮನ್ನ ಚುಚ್ಚಿದೆ. ತಪ್ಪಾಯ್ತು.”

“ಆಯ್ತು ಬಿಡಿ.”

“ಬಿಡಲ್ಲ. ಇನ್ನೂ ಇದೆ. ನೀವು ಬೇರೆ ಕಡೆ ಕಟಿಂಗ್ ಮಾಡಿಸಿಕೊಂಡು ಬಂದ ದಿನ ನನಗೆ ಊಟ ಸೇರಲಿಲ್ಲ. ಅಂಗಡಿಗೆ ಯಾರು ಬಂದ್ರೂ ನೀವಲ್ಲ ಅಂತ ಬೇಜಾರು. ನೀವು ನನಗೆ ಬೇಕು. ಗಿರಾಕಿಯಾಗಿ ಅಲ್ಲ. ಗಿರಾಕಿ ಆಗಿದ್ರೂ ಬೇಕು, ಆದರೆ ಅದು ಆಮೇಲಿನ ಮಾತು. ನನಗೆ ನೀವು ಅಂದ್ರೆ ಇಷ್ಟ.”

ಲಿಫ್ಟಿಗೆ ಮಾತು ಯಾವಾಗಲೂ ಕೆಳಗಿನ ಮಹಡಿಯಿಂದ ಬರಬೇಕಾಗುತ್ತಿತ್ತು.

“ಹದಿನೈದು ದಿನಕ್ಕೊಂದು ಸಲ ಬರ್ತಾ ಇದ್ದೆ,” ಅಂದ ಕೊನೆಗೆ. “ಹದಿನೈದು ದಿನದಲ್ಲಿ ಕತ್ತರಿಸೋಕೆ ಅಲ್ಲಿ ಏನಿರುತ್ತೆ ಅಂತ ನೀವು ಒಂದು ದಿನಾನೂ ಕೇಳಲಿಲ್ಲ.”

“ಕೇಳಿದ್ರೆ ನೀವು ಬರೋದು ನಿಲ್ಲಿಸ್ತೀರೇನೋ ಅಂತ.”

“ಚಿತ್ರದ ಕ್ಲಾಸಿಗೂ ಅಷ್ಟೇ. ನೀವು ಸೇರ್ತೀನಿ ಅಂತ ಯಾರಿಗೋ ಹೇಳ್ತಾ ಇದ್ದದ್ದು ಕೇಳಿಸ್ಕೊಂಡೆ. ನನಗೆ ಚಿತ್ರ ಬರಲ್ಲ ಅಂತ ನನಗೂ ಗೊತ್ತು.”

“ನೇರ ಗೆರೆ ಚೆನ್ನಾಗಿ ಎಳೀತೀರ.”

“ನೇರವಾಗೇ ಹೇಳ್ತೀನಿ ಹಾಗಾದ್ರೆ.” ಅವನು ಬಟ್ಟೆಯ ಕೆಳಗೆ ಕೂತಲ್ಲೇ ನೆಟ್ಟಗಾದ. “ನಾನು ಈ ಕುರ್ಚಿಯಿಂದ ಎದ್ದು ಹೋದಾಗಲೆಲ್ಲ ಮತ್ತೆ ಯಾವಾಗ ಬರೋದು ಅನ್ನೋದು ಒಂದೇ ಯೋಚನೆ ಇರ್ತಿತ್ತು. ಹೋಗದೇ ಇರೋ ಹಾಗೆ ಏನಾದ್ರೂ ಮಾಡಿ.”

ಇಷ್ಟು ಖುಷಿಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅವಳು ಬಾಚಣಿಗೆ ಎತ್ತಿಕೊಂಡಳು. “ಮೊದಲು ಇದನ್ನ ಸರಿ ಮಾಡ್ತೀನಿ,” ಎಂದು ಅವನ ಎಡ ಸೈಡ್‌ಲಾಕನ್ನು ಬಾಚಿ ಹಿಡಿದಳು. ಎದುರಿನಿಂದ ಕತ್ತರಿಸಿ ಅವ‍ಳಿಗೆ ಅಭ್ಯಾಸವಿರಲಿಲ್ಲ. ಅವನ ಉಸಿರು ಅವಳ ಮುಂಗೈಗೆ ತಾಗುತ್ತಿತ್ತು, ಕಣ್ಣುಗಳು ಒಂದು ಗೇಣು ದೂರದಲ್ಲಿದ್ದವು. ಕೈಗೆತ್ತಿಕೊಂಡ ಕತ್ತರಿಯ ತುದಿ ಒಂದು ಕಡೆ ನಿಲ್ಲಲಿಲ್ಲ.

“ಅಲ್ಲಾಡಬೇಡಿ,” ಅಂದಳು.

“ನಾನಲ್ಲ,” ಅಂದ ಅವನು. “ನಿಮ್ಮ ಕೈ.”

ಅವಳು ಕೈ ನೋಡಿಕೊಂಡಳು. ಹೌದು, ನಡುಗುತ್ತಿತ್ತು. ಕತ್ತರಿಯನ್ನು ಮೇಜಿನ ಮೇಲಿಟ್ಟಳು. ಬಟ್ಟೆಯ ಕೆಳಗಿನಿಂದ ಅವನ ಕೈ ಹೊರಗೆ ಬಂದು ಅವಳ ಕೈಯನ್ನು ಹಿಡಿದುಕೊಂಡಿತು. ನಡುಕ ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು. ನಿಂತಮೇಲೂ ಅವನು ಬಿಡಲಿಲ್ಲ, ಅವಳೂ ಬಿಡಿ ಎಂದು ಕೇಳಲಿಲ್ಲ.